ಅರವತ್ತರಲ್ಲೇ ನಿಂತ ಮುಳ್ಳು: ಪದ್ಮಿನಿಯ ಮೀಟರಿಗಾಗಿ ಎಂಟು ವಾರ

ಕಾರು ಶೆಡ್ಡಿನಲ್ಲಿ ನಿಂತಿತ್ತು, ಎಂಜಿನ್ ಆರಿಸಿದ್ದೆ, ಕೀಲಿ ನನ್ನ ಕೈಯಲ್ಲಿತ್ತು. ವೇಗ ತೋರಿಸುವ ಮೀಟರಿನ ಮುಳ್ಳು ಮಾತ್ರ 60ರ ಮೇಲೆ ಕುಳಿತಿತ್ತು. 2025ರ ಡಿಸೆಂಬರ್ 7, ಭಾನುವಾರ. ನಂಜನಗೂಡಿಗೆ ಹೋಗಿ ಮೈಸೂರಿಗೆ ಮರಳಿದ್ದೆ. ದಾರಿಯಲ್ಲಿ ಎಲ್ಲೋ 60ಕ್ಕೆ ಏರಿದ ಮುಳ್ಳು ಊರೊಳಗೆ ಬಂದರೂ, ಸಿಗ್ನಲ್ಲುಗಳಲ್ಲಿ ನಿಂತರೂ ಇಳಿದಿರಲಿಲ್ಲ. ಗಾಜಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಒಂದು ಕೂದಲೆಳೆಯಷ್ಟು ಇಳಿದು ಮತ್ತೆ ನಿಂತಿತು. ಮರುದಿನ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಶೆಡ್ಡಿಗೆ ಹೋಗಿ ನೋಡಿದರೆ 35ರಲ್ಲಿತ್ತು. ರಾತ್ರಿಯಿಡೀ ತೆವಳುತ್ತಾ ಅಷ್ಟು ದೂರ ಇಳಿದಿತ್ತು.

ಕಾರು ನಮ್ಮ ತಂದೆಯದು. 1986ರ ಮಾರ್ಚಿನಲ್ಲಿ ನೋಂದಣಿಯಾದ ಪ್ರೀಮಿಯರ್ ಪದ್ಮಿನಿ. ಮುಂಬೈಯ ಕುರ್ಲಾದ ಕಾರ್ಖಾನೆಯಿಂದ ಬಂದದ್ದು, 1089 ಸಿ.ಸಿ. ಎಂಜಿನ್, ಸ್ಟೀರಿಂಗಿನ ಪಕ್ಕದಲ್ಲೇ ಕೈ ಗೇರು. 2019ರಲ್ಲಿ ತಂದೆ ತೀರಿಕೊಂಡ ಮೇಲೆ ನಾನು ಓಡಿಸುತ್ತಿದ್ದೇನೆ. ಈ ಮೀಟರ್ ಸರಿಯಾಗುವ ಹೊತ್ತಿಗೆ ಎಂಟು ವಾರ ಕಳೆದವು, ಮೂರು ಸಲ ಬೆಂಗಳೂರಿಗೆ ಹೋಗಿ ಬಂದೆ, ಒಂದೇ ಕೆಲಸವನ್ನು ಎರಡೆರಡು ಸಲ ಮಾಡಬೇಕಾಯಿತು. ಹಳೆಯ ಕಾರು ಇಟ್ಟುಕೊಂಡವರಿಗೆ ಇದೇ ತೊಂದರೆ ಬಂದರೆ ಎಲ್ಲಿಂದ ಶುರು ಮಾಡಬೇಕೆಂಬುದಾದರೂ ತಿಳಿಯಲಿ ಎಂದು ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಮೂಲ ಇನ್ನೂ ಮೂರು ವಾರ ಹಿಂದಿನದು. ನವೆಂಬರಿನಲ್ಲಿ ಮುಳ್ಳು 20ಕ್ಕೂ 40ಕ್ಕೂ ನಡುವೆ ನಡುಗಲು ತೊಡಗಿತ್ತು. ಹತ್ತಿರದ ಗ್ಯಾರೇಜಿನಲ್ಲಿ ತೋರಿಸಿದೆ. ಹುಡುಗ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಮೀಟರಿನ ಹಿಂದಿನ ನಟ್ಟು ಸಡಿಲಿಸಿದ, ಕೇಬಲ್ಲಿನ ಮೇಲ್ತುದಿಗೆ ಎಣ್ಣೆಯ ಡಬ್ಬಿಯ ಮೂತಿ ಇಟ್ಟು ಚೆನ್ನಾಗಿ ಸುರಿದ, ಮತ್ತೆ ಬಿಗಿದ. 150 ರೂಪಾಯಿ. ನಡುಕ ಆ ಕ್ಷಣವೇ ನಿಂತಿತು. ನನಗೆ ಬಹಳ ಸಂತೋಷವಾಯಿತು. ಮುಂದಿನ ಎಲ್ಲ ಫಜೀತಿಗೂ ಆ ಎಣ್ಣೆಯೇ ಕಾರಣವೆಂದು ಆಗ ಹೊಳೆಯಲಿಲ್ಲ.

ಹೊಳೆಯಬೇಕಿತ್ತು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ವಿದ್ಯುತ್ಕಾಂತೀಯ ಪ್ರೇರಣೆಯ ಪಾಠವನ್ನು ವರ್ಷ ವರ್ಷವೂ ಮಾಡುತ್ತೇನೆ. ಈ ಮೀಟರು ಆ ಪಾಠದ ಜೀವಂತ ಉದಾಹರಣೆ. ಗೇರ್‌ಬಾಕ್ಸಿನಿಂದ ಬರುವ ಕೇಬಲ್ ಮೀಟರಿನೊಳಗೆ ಒಂದು ಕಾಯಂ ಅಯಸ್ಕಾಂತವನ್ನು ತಿರುಗಿಸುತ್ತದೆ. ಆ ಅಯಸ್ಕಾಂತಕ್ಕೆ ತಾಗದ ಹಾಗೆ, ಕೂದಲೆಳೆಯ ಅಂತರದಲ್ಲಿ, ಒಂದು ಅಲ್ಯೂಮಿನಿಯಂ ಬಟ್ಟಲು ಇರುತ್ತದೆ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿಯಂತೆ ಸುತ್ತುವ ವಿದ್ಯುತ್ತು, ಅಂದರೆ ಸುಳಿ ಪ್ರವಾಹ, ಹುಟ್ಟಿ, ಬಟ್ಟಲು ಅದರ ಹಿಂದೆಯೇ ತಿರುಗಲು ನೋಡುತ್ತದೆ. ತಲೆಗೂದಲಿನಂತಹ ಒಂದು ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ಈ ಎರಡು ಎಳೆತಗಳು ಸಮವಾದ ಜಾಗದಲ್ಲಿ, ಬಟ್ಟಲಿಗೆ ಕಡ್ಡಿಯಿಂದ ಜೋಡಿಸಿದ ಮುಳ್ಳು ನಿಲ್ಲುತ್ತದೆ. 1902ರಲ್ಲಿ ಸ್ಟ್ರಾಸ್‌ಬರ್ಗಿನ ಓಟ್ಟೊ ಶುಲ್ಟ್ಸೆ ಪೇಟೆಂಟ್ ಪಡೆದ ಈ ಉಪಾಯವೇ ನಮ್ಮ ಪದ್ಮಿನಿಯಲ್ಲೂ ಇರುವುದು. ಮುಳ್ಳನ್ನು ಕೆಳಗಿಳಿಸಲು ಆ ಕೂದಲು ಸ್ಪ್ರಿಂಗಿನ ಬಲವೊಂದೇ ಗತಿ, ಬೇರೆ ಯಾವ ಆಸರೆಯೂ ಇಲ್ಲ. ಮುಳ್ಳಿನ ಕಡ್ಡಿ ಕೂರುವ ರಂಧ್ರದಲ್ಲಿ ಸಾಸಿವೆಯಷ್ಟು ಅಂಟು ಸೇರಿದರೂ ಅದು ಸೋಲುತ್ತದೆ.

ಇಲ್ಲಿ ಒಂದು ಮಾತು. ಮುಳ್ಳು ನಡುಗಿದರೆ, ಕುಣಿದರೆ, ದೋಷ ಬಹುಪಾಲು ಕೇಬಲ್ಲಿನದು: ಒಣಗಿರುತ್ತದೆ, ಇಲ್ಲವೇ ಎಲ್ಲೋ ಬಿಗಿಯಾಗಿ ಬಾಗಿರುತ್ತದೆ. ಮುಳ್ಳು ಏರಿದ ಮೇಲೆ ಇಳಿಯದಿದ್ದರೆ, ತಟ್ಟಿದಾಗ ಮಾತ್ರ ಇಳಿದರೆ, ದೋಷ ಮೀಟರಿನೊಳಗಿದೆ. ಮುಳ್ಳು ನಿಂತಿದ್ದರೂ ಕಿಲೋಮೀಟರಿನ ಅಂಕಿಗಳು ಸರಿಯಾಗಿ ಉರುಳುತ್ತಿದ್ದರೆ ಕೇಬಲ್ ತಿರುಗುತ್ತಿದೆ ಎಂದೇ ಅರ್ಥ. ನಮ್ಮದರಲ್ಲಿ ಅಂಕಿಗಳು ಉರುಳುತ್ತಿದ್ದವು. ಇಷ್ಟು ಗೊತ್ತಿದ್ದಿದ್ದರೆ ನಾನು ಹೊಸ ಕೇಬಲ್ಲಿಗೆ ಅವಸರದಲ್ಲಿ 700 ರೂಪಾಯಿ ಕೊಡುತ್ತಿರಲಿಲ್ಲ.

ಬೆಂಗಳೂರಿನಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ. “ಮೊಬೈಲಿನಲ್ಲಿ ವೇಗ ತೋರಿಸುತ್ತದಲ್ಲ, ಅದನ್ನೇ ನೋಡಿಕೊಂಡು ಓಡಿಸು ಪುಟ್ಟೀ, ಇದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ” ಎಂದ. ಆದರೆ 2026ರ ಮಾರ್ಚಿನಲ್ಲಿ ನೋಂದಣಿಯ ಅವಧಿ ಮುಗಿಯುವುದಿತ್ತು. ಮೊದಲ 15 ವರ್ಷ ಕಳೆದ ಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಮೋಟಾರು ವಾಹನ ನಿರೀಕ್ಷಕರು ಕಾರನ್ನು ಪರೀಕ್ಷಿಸುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ವೇಗಮಾಪಕಕ್ಕೆಂದೇ 117ನೇ ನಿಯಮವಿದೆ. ನಿಂತ ಕಾರಿನಲ್ಲಿ 60 ತೋರಿಸುವ ಮೀಟರ್ ಇಟ್ಟುಕೊಂಡು ಪರೀಕ್ಷೆಗೆ ಹೋಗುವ ಧೈರ್ಯ ನನಗಿರಲಿಲ್ಲ.

ಹಳೆಯ ಫಿಯಟ್‌ಗಳನ್ನು (ಪದ್ಮಿನಿಯೂ ಮೂಲತಃ ಫಿಯಟ್ ಕಾರೇ) ಬಲ್ಲ ಇನ್ನೊಬ್ಬ ಮೇಸ್ತ್ರಿಯ ಬಳಿ ಹೋದೆ. ಅವರು ನೋಡಿ, “ಮೇಡಂ, ಇದನ್ನು ಬಿಚ್ಚುವವರು ಯಾರೂ ಇಲ್ಲ. ಮುಂಬೈಯ ಟ್ಯಾಕ್ಸಿಯದೊಂದು ಮೀಟರ್ ತರಿಸಿಕೊಡುತ್ತೇನೆ, 3,500 ಕೊಡಿ, ಅರ್ಧ ಗಂಟೆಯ ಕೆಲಸ” ಎಂದರು. ತಪ್ಪು ಹೇಳಲಿಲ್ಲ. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟವು, ಅವುಗಳ ಬಿಡಿಭಾಗ ಇನ್ನೂ ಕೈಯಿಂದ ಕೈಗೆ ಓಡಾಡುತ್ತಿದೆ. ಆದರೂ ನಾನು ಬೇಡವೆಂದೆ.

ತಂದೆ ಈ ಕಾರಿಗೆ ಒಂದು ಲೆಕ್ಕದ ಪುಸ್ತಕ ಇಟ್ಟಿದ್ದರು. ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗಲೂ ದಿನಾಂಕ, ಲೀಟರು, ಮೀಟರಿನ ಅಂಕಿ. ಮೀಟರಿನಲ್ಲಿ ಐದೇ ಅಂಕಿ. 1999ರಲ್ಲಿ ಹಾಸನಕ್ಕೆ ಹೋಗುವಾಗ ಹೊಳೆನರಸೀಪುರ ದಾಟಿದ ಮೇಲೆ 99,999 ಆಗಿ ಎಲ್ಲ ಅಂಕಿಗಳೂ ಒಟ್ಟಿಗೆ ಸೊನ್ನೆಗೆ ಉರುಳಿದವು. ತಂದೆ ಕಾರನ್ನು ಹುಣಸೆಮರದ ಕೆಳಗೆ ನಿಲ್ಲಿಸಿ ನಮ್ಮನ್ನೆಲ್ಲ ಮುಂದಿನ ಸೀಟಿಗೆ ಬಗ್ಗಿಸಿ ಆ ಐದು ಸೊನ್ನೆಗಳನ್ನು ತೋರಿಸಿದರು. ಪುಸ್ತಕದಲ್ಲಿ ಆ ದಿನದ ಸಾಲು ಕೆಂಪು ಶಾಯಿಯಲ್ಲಿದೆ: “00000. ಎಲ್ಲರೂ ಜೊತೆಗಿದ್ದರು.” ಆ ಲೆಕ್ಕ 2025ರ ಡಿಸೆಂಬರ್ 7ಕ್ಕೆ 61,874ಕ್ಕೆ ಬಂದು ನಿಂತಿತ್ತು. ಯಾವುದೋ ಟ್ಯಾಕ್ಸಿಯ ಅಂಕಿಯನ್ನು ಅದರ ಕೆಳಗೆ ಹೇಗೆ ಬರೆಯಲಿ?

ಡಿಸೆಂಬರ್ 13ರ ಶನಿವಾರ ಮೀಟರನ್ನು ನಾನೇ ಕಳಚಿದೆ. ಮೊದಲು ಬ್ಯಾಟರಿಯ ಒಂದು ತಂತಿಯನ್ನು ಬಿಚ್ಚಿ. ಮೀಟರಿನ ಹಿಂದೆ ಬರಿ ತಗಡಿಗೆ ತಾಗಬಹುದಾದ ತಂತಿಗಳು ಎಷ್ಟೋ ಇರುತ್ತವೆ. ಅಂಕಿ ಸ್ಪಷ್ಟವಾಗಿ ಕಾಣುವಂತೆ ಫೋಟೊ ತೆಗೆದಿಡಿ. ಮುಂದೆ ಕಾರು ಮಾರುವಾಗಲೋ ವಿಮೆಯ ವಿಷಯದಲ್ಲೋ ಯಾರಾದರೂ ಕೇಳಿದರೆ ಅದೇ ದಾಖಲೆ. ಪ್ರತಿ ತಂತಿಗೂ ಕಾಗದದ ಟೇಪು ಅಂಟಿಸಿ ನಂಬರು ಬರೆದೆ. ನಲವತ್ತು ವರ್ಷದ ತಂತಿಗಳ ಬಣ್ಣವೆಲ್ಲ ಒಂದೇ ಬೂದಿಯಾಗಿತ್ತು, ಬಣ್ಣ ನೆನಪಿಟ್ಟುಕೊಳ್ಳುತ್ತೇನೆಂದು ಹೋದವರು ಉಳಿಯುವುದಿಲ್ಲ. ಕೇಬಲ್ಲಿನ ನಟ್ಟನ್ನು ಇಕ್ಕಳದಿಂದ ಹಿಡಿಯಲು ಹೋಗಬೇಡಿ, ಅದರ ಹಲ್ಲು ಸವೆದರೆ ಮತ್ತೆ ಕೈಗೆ ಸಿಗುವುದಿಲ್ಲ. ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ ಬೆರಳಲ್ಲೇ ತಿರುಗಿಸಿದೆ, ಬಂತು. ಇಡೀ ಕೆಲಸಕ್ಕೆ ಎರಡೂವರೆ ಗಂಟೆ ಹಿಡಿಯಿತು. ಮೀಟರನ್ನು ಕೈಗೆತ್ತಿಕೊಂಡು ಓರೆ ಮಾಡಿದಾಗ ಹಿಂದಿನ ರಂಧ್ರದಿಂದ ಎರಡು ಹನಿ ಎಣ್ಣೆ ನನ್ನ ಅಂಗೈಗೆ ಬಿತ್ತು. ಆಗ ಎಲ್ಲವೂ ಅರ್ಥವಾಯಿತು. ಕೇಬಲ್ಲಿನ ಒಳತಂತಿ ಸುರುಳಿಯಾಗಿ ಹೆಣೆದದ್ದು. ಅದು ತಿರುಗುವಾಗ ಎಣ್ಣೆಯನ್ನು ಮೆಲ್ಲಮೆಲ್ಲನೆ ಹೊತ್ತು ಮೇಲಕ್ಕೆ ಸಾಗಿಸುತ್ತದೆ. ಹುಡುಗ ಸುರಿದದ್ದು ಮೂರು ವಾರಗಳಲ್ಲಿ ಮೀಟರಿನೊಳಗೆ ತಲುಪಿ, ಅಲ್ಲಿನ ಹಳೆಯ ಜಿಡ್ಡನ್ನು ನೆನೆಸಿ ಗೋಂದು ಮಾಡಿತ್ತು.

ಸೂಕ್ಷ್ಮ ಕೆಲಸವೆಂದು ನಮ್ಮ ಬಡಾವಣೆಯ ಗಡಿಯಾರ ರಿಪೇರಿಯವರಲ್ಲಿ ಕೇಳಿದೆ. ಅವರು ಪ್ರೀತಿಯಿಂದಲೇ ಕೈ ಮುಗಿದರು: “ಒಳಗೆ ಅಯಸ್ಕಾಂತ ಇದೆಯಲ್ಲಮ್ಮ. ಈ ಮೇಜಿನ ಮೇಲೆ ಇಟ್ಟರೆ ನನ್ನ ಗಡಿಯಾರಗಳೆಲ್ಲ ಕೆಡುತ್ತವೆ.” ಸರಿಯಾದ ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೀಟರ್ ರಿಪೇರಿಯವರು ಇದ್ದಾರೆಂದು ಹೇಳಿದವರೂ ಅವರೇ.

ಡಿಸೆಂಬರ್ 20ರಂದು ಬೆಳಗಿನ ರೈಲು ಹಿಡಿದೆ. ಮೀಟರನ್ನು ಟವೆಲಿನಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಜೆ.ಸಿ. ರಸ್ತೆಯಲ್ಲಿ ಮೊದಲ ಅಂಗಡಿಯವರು ಈಗ ಬರೀ ಎಲೆಕ್ಟ್ರಾನಿಕ್ ಮೀಟರ್ ಮಾತ್ರ ಎಂದರು. ಎರಡನೆಯವರು ಬೈಕಿನದಷ್ಟೇ ಎಂದರು. ಮೂರನೆಯದು ಮೆಟ್ಟಿಲು ಹತ್ತಿ ಹೋಗಬೇಕಾದ ಸಣ್ಣ ಕೋಣೆ. ಅಲ್ಲಿದ್ದ ಹಿರಿಯರು ಮೀಟರನ್ನು ಕಿವಿಯ ಬಳಿ ಹಿಡಿದು, ಹಿಂದಿನ ಚೌಕ ರಂಧ್ರಕ್ಕೆ ಒಂದು ಕಡ್ಡಿ ತೂರಿಸಿ ತಿರುಗಿಸಿ, “ಎಣ್ಣೆ ಹಾಕಿಸಿದಿರಾ?” ಎಂದು ಕೇಳಿದರು. ಸರಿಯಾದ ಕಡೆಗೆ ಬಂದೆನೆಂದು ಆಗ ಅನ್ನಿಸಿತು. “ನಾಲ್ಕು ದಿನ ಬಿಟ್ಟು ಬನ್ನಿ” ಎಂದರು.

ರಸೀದಿಯಲ್ಲಿ ಮೀಟರಿನ ಅಂಕಿಯನ್ನು ಬರೆಸಿಕೊಳ್ಳಿ. ನಾನು 61,874 ಎಂದು ಬರೆಸಿ, ದಿನಾಂಕ ಹಾಕಿಸಿ, ಸಹಿ ಪಡೆದೆ. ಯಾರ ಮೇಲಿನ ಅನುಮಾನಕ್ಕೂ ಅಲ್ಲ. ಒಂದೇ ಮೇಜಿನ ಮೇಲೆ ಹತ್ತು ಮೀಟರ್ ಬಿಚ್ಚಿಟ್ಟಿರುವಾಗ ಅಂಕಿಗಳ ಗಾಲಿಗಳು ಅದಲುಬದಲಾಗುವುದು ಸುಲಭ.

27ರಂದು ಹೋದಾಗ ಮೀಟರ್ ನನ್ನ ಟವೆಲಿನಲ್ಲೇ ಇತ್ತು. ಅವರ ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಅಂಗಡಿ ಅರ್ಧ ದಿನ ಮಾತ್ರ. ಸಂಕ್ರಾಂತಿ ಕಳೆಯಲಿ ಎಂದರು. ವಾಪಸ್ ತಂದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು, ನಿಜ. ಅವರು ಎಣ್ಣೆಯ ಬಗ್ಗೆ ಕೇಳಿದ ಆ ಒಂದು ಪ್ರಶ್ನೆಯನ್ನು ನೆನೆದು ಬಿಟ್ಟು ಬಂದೆ. ಆ ಮೂರು ವಾರ ಡ್ಯಾಶ್‌ಬೋರ್ಡಿನಲ್ಲಿ ಮೀಟರಿದ್ದ ಜಾಗ ಖಾಲಿ ಗುಂಡಿಯಾಗಿ ಕಾಣುತ್ತಿತ್ತು. ಬ್ಯಾಟರಿ ಸಾಯದಿರಲೆಂದು, ಬಿಚ್ಚಿದ ತಂತಿಗಳ ತುದಿಗೆಲ್ಲ ಟೇಪು ಸುತ್ತಿ, ವಾರಕ್ಕೊಮ್ಮೆ ಎಂಜಿನ್ ಚಾಲೂ ಮಾಡುತ್ತಿದ್ದೆ. ಶೆಡ್ಡಿನಿಂದ ಒಂದು ಅಡಿಯೂ ಹೊರಗೆ ತರಲಿಲ್ಲ. ಲೆಕ್ಕಕ್ಕೆ ಸಿಗದ ಓಟ ಬೇಡವಾಗಿತ್ತು.

ಜನವರಿ 17ರಂದು ಮೂರನೆಯ ಸಲ ಹೋದಾಗ, ಎದುರಿಗೇ ಬಿಚ್ಚುತ್ತೇನೆ ಕುಳಿತುಕೊಳ್ಳಿ ಎಂದರು. ಸ್ಟೂಲ್ ಎಳೆದುಕೊಂಡು ಕುಳಿತೆ. ಗಾಜಿನ ಚೌಕಟ್ಟನ್ನು ತೆಳು ಅಲಗಿನಿಂದ ಸುತ್ತಲೂ ಮೆಲ್ಲಗೆ ಎಬ್ಬಿಸಿದರು. ಮುಳ್ಳು ಕೀಳುವ ಮೊದಲು ಅದನ್ನು ಸೊನ್ನೆಯ ಬಳಿಯ ತಡೆಕಡ್ಡಿಯ ಮೇಲಿಂದ ಎತ್ತಿ ದಾಟಿಸಿ ಬಿಟ್ಟರು. ಅದು ಸೊನ್ನೆಗಿಂತ ಕೆಳಕ್ಕೆ ಇಳಿದು ತೂಗಿ ನಿಂತಿತು. ನಿಂತ ಜಾಗದಲ್ಲಿ ಪೆನ್ಸಿಲಿನಿಂದ ಚುಕ್ಕಿ ಇಟ್ಟರು. ಇದನ್ನು ಮರೆಯಬೇಡಿ. ಸ್ಪ್ರಿಂಗಿನ ಬಿಗಿತದ ಲೆಕ್ಕ ಇರುವುದು ಆ ಚುಕ್ಕಿಯಲ್ಲಿ. ಮುಳ್ಳನ್ನು ಸುಮ್ಮನೆ ಸೊನ್ನೆಗೆ ಒತ್ತಿ ಕೂರಿಸಿದರೆ ಮುಂದೆ ಎಲ್ಲ ವೇಗವನ್ನೂ ತಪ್ಪಾಗಿ ತೋರಿಸುತ್ತದೆ.

ಡಯಲ್ ಎತ್ತಿದಾಗ ಒಳಗಿನಿಂದ ಹಳೆಯ ಹೊಲಿಗೆ ಯಂತ್ರದ ವಾಸನೆ ಬಂತು. ಮುಳ್ಳಿನ ಕಡ್ಡಿಯ ಬುಡದಲ್ಲಿ ಬೆಲ್ಲದ ಪಾಕ ಆರಿದ ಹಾಗೆ ಕಂದು ಬಣ್ಣದ ಉಂಗುರ. ಅಯಸ್ಕಾಂತದ ಅಂಚಿನಲ್ಲಿ ಕಬ್ಬಿಣದ ಸಣ್ಣ ಪುಡಿ ಮೀಸೆಯಂತೆ ನೆಟ್ಟಗೆ ನಿಂತಿತ್ತು. ಅದರ ಒಂದೆರಡು ಎಳೆ ಬಟ್ಟಲಿಗೆ ತಾಗುತ್ತಿದ್ದುದನ್ನು ಭೂತಗನ್ನಡಿಯಲ್ಲಿ ತೋರಿಸಿದರು. ಬಿಳಿ ಪೆಟ್ರೋಲಿನಲ್ಲಿ ಅದ್ದಿದ ಬಿದಿರುಕಡ್ಡಿಯ ತುದಿಯಿಂದ ಆ ಕಂದು ಉಂಗುರವನ್ನು ಕರಗಿಸಿದರು. ಪುಡಿಯನ್ನು ಅಂಟು ಟೇಪಿನ ತುಂಡಿನಿಂದ ಒತ್ತಿ ಒತ್ತಿ ತೆಗೆದರು. ಊದಲಿಲ್ಲ, ಬಟ್ಟೆಯಿಂದ ಒರೆಸಲಿಲ್ಲ. ಕೂದಲು ಸ್ಪ್ರಿಂಗಿನ ಹತ್ತಿರ ಕೈ ಹೋದಾಗಲೆಲ್ಲ ಅವರು ಉಸಿರು ಬಿಗಿ ಹಿಡಿಯುತ್ತಿದ್ದರು, ನಾನೂ ಹಿಡಿಯುತ್ತಿದ್ದೆ. ಕೊನೆಗೆ ಸೂಜಿಯ ಮೊನೆಯಲ್ಲಿ ಒಂದು ಹನಿ ಗಡಿಯಾರದ ಎಣ್ಣೆ ತೆಗೆದುಕೊಂಡು ಕೆಳಗೆ ಅಯಸ್ಕಾಂತದ ಕಡ್ಡಿ ಕುಳಿತು ತಿರುಗುವ ಬಳೆಗೆ, ಅಂದರೆ ಬುಷ್ಷಿಗೆ, ಮಾತ್ರ ಮುಟ್ಟಿಸಿದರು. ಮೇಲೆ, ಮುಳ್ಳಿನ ಕಡ್ಡಿಗೆ, ಏನೂ ಇಲ್ಲ. “ಇದು ಒಣಗಿಯೇ ಓಡಬೇಕು” ಎಂದರು.

ಆಮೇಲೆ ಒಂದು ಮೋಟರಿನಿಂದ ನಮ್ಮ ಮೀಟರನ್ನೂ ಅವರ ಬಳಿಯಿದ್ದ ಸರಿಯಾದ ಇನ್ನೊಂದು ಪದ್ಮಿನಿ ಮೀಟರನ್ನೂ ಜೊತೆಜೊತೆಗೆ ಓಡಿಸಿ ನೋಡಿದರು. ಎರಡೂ ಮುಳ್ಳುಗಳು ಒಟ್ಟಿಗೆ 40, 60, 80 ಏರಿ, ಮೋಟರ್ ನಿಲ್ಲಿಸಿದೊಡನೆ ಒಟ್ಟಿಗೆ ಸೊನ್ನೆಗೆ ಬಿದ್ದವು. ಕಣ್ಣು ತುಂಬಿ ಬಂತು. ಆ ಪರೀಕ್ಷೆಯಲ್ಲಿ ಮೀಟರ್ 4 ಕಿಲೋಮೀಟರ್ ಓಡಿತ್ತು. ನಾನು ಕೇಳುವ ಮೊದಲೇ ಅವರು ರಸೀದಿಯ ಹಿಂದೆ ಬರೆದುಕೊಟ್ಟರು: “61,878, ಪರೀಕ್ಷೆ 4.” 2,600 ರೂಪಾಯಿ ಕೊಟ್ಟೆ.

ಮರುದಿನವೇ ಜೋಡಿಸಿ ಓಡಿಸಿದೆ, ಮುಳ್ಳು ಅಲ್ಲಾಡದೆ ಏರಿತು, ಇಳಿಯಿತು. ಇಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. 25ರ ಭಾನುವಾರ ಮತ್ತೆ ನಂಜನಗೂಡಿಗೆ ಹೋಗಿ ಬಂದಾಗ ಮುಳ್ಳು ಸೊನ್ನೆಗೆ ಬರಲು ಒಂದು ಕ್ಷಣ ತಡವರಿಸಿತು. ಎದೆ ಧಸಕ್ಕೆಂದಿತು. ಕೇಬಲ್ಲಿನ ಮೇಲ್ತುದಿಯನ್ನು ಬಿಚ್ಚಿ ನೋಡಿದರೆ ಹೊಸ ಕೇಬಲ್ಲಿನ ತುದಿ ಒದ್ದೆ. ನಾನು ಹಾಕಿದ್ದು ತೆಳುವಾಗಿ ಗ್ರೀಸ್, ಅದೂ ಮೇಲಿನ ಒಂದು ಗೇಣು ಬಿಟ್ಟು. ಇದು ತೆಳ್ಳಗಿನ ಎಣ್ಣೆ. ಮೂಗಿಗೆ ಹಿಡಿದಾಗ ಗಂಧಕದ ಘಾಟು ಹೊಡೆಯಿತು. ಗೇರ್ ಎಣ್ಣೆ!

ಕೇಬಲ್ ಗೇರ್‌ಬಾಕ್ಸಿಗೆ ಸೇರುವಲ್ಲಿ ಎಣ್ಣೆ ತಡೆಯುವ ಸೀಲ್ ಒಂದಿರುತ್ತದೆ. ನಮ್ಮದು ಕಲ್ಲಿನಂತೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಗೇರ್‌ಬಾಕ್ಸಿನ ಎಣ್ಣೆ ಅಲ್ಲಿಂದ ಕೇಬಲ್ಲಿನೊಳಗೆ ನುಗ್ಗಿ ಮೇಲೇರುತ್ತಿತ್ತು. ಅಂದರೆ ಆ ಹುಡುಗನ ಎಣ್ಣೆಯೊಂದೇ ಅಪರಾಧಿಯಲ್ಲ, ಇದು ಬಹಳ ದಿನದಿಂದ ನಡೆಯುತ್ತಿದ್ದಿರಬೇಕು. ಅದನ್ನು ಇಲ್ಲಿ ಹೇಳದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ. ಮೀಟರನ್ನು ರಿಪೇರಿಗೆ ಕೊಡುವ ಮೊದಲೇ ಒಳತಂತಿಯನ್ನು ಪೂರ್ತಿ ಹೊರಗೆಳೆದು ಕೆಳತುದಿಯನ್ನು ಮೂಸಿ ನೋಡಿ. ಗಂಧಕದ ವಾಸನೆ ಬಂದರೆ ಮೊದಲು ಸೀಲ್ ಬದಲಿಸಿ, ಆಮೇಲೆ ಮೀಟರ್. ನಾನು ತಿರುಗುಮುರುಗು ಮಾಡಿದೆ.

ಟ್ಯಾಕ್ಸಿ ಮೀಟರ್ ತರಿಸಿಕೊಡುತ್ತೇನೆಂದಿದ್ದ ಮೇಸ್ತ್ರಿಯೇ ಜನವರಿ 31ರಂದು ಕಾರಿನ ಕೆಳಗೆ ಮಲಗಿ ಸೀಲ್ ಬದಲಿಸಿದರು. ಸೀಲ್ ಮತ್ತು ಕಡಿಮೆಯಾಗಿದ್ದ ಗೇರ್ ಎಣ್ಣೆಗೆ 480, ಕೂಲಿ 800. ಕೇಬಲ್ಲನ್ನು ಪೂರ್ತಿ ತೊಳೆದು ಒಣಗಿಸಿ, ಮತ್ತೆ ತೆಳುವಾಗಿ ಗ್ರೀಸ್ ಸವರಿ ಹಾಕಿದೆವು. ಮೀಟರಿನೊಳಗೆ ಇನ್ನೂ ಎಣ್ಣೆ ಹೋಗಿರಲಿಲ್ಲ, ಬಾಯಿಯಲ್ಲಿದ್ದುದನ್ನು ಹತ್ತಿಯಿಂದ ತೆಗೆದೆ. ಕೇಬಲ್, ಮೊದಲ ಗ್ಯಾರೇಜು, ಮೂರು ಸಲದ ಪ್ರಯಾಣ ಎಲ್ಲ ಸೇರಿ ನನಗೆ ತಗುಲಿದ್ದು 6,080 ರೂಪಾಯಿ. ಬೇರೆ ಮೀಟರ್ ಹಾಕಿಸಿದ್ದರೆ 3,500ಕ್ಕೆ ಮುಗಿಯುತ್ತಿತ್ತು ಎಂದು ಅಣ್ಣ ಹೇಳಿದ. ಆ ಸೀಲ್ ಇದ್ದಷ್ಟು ದಿನ ಅದೂ ಹೀಗೇ ಕೆಡುತ್ತಿತ್ತು ಎಂದೆ.

ಮೀಟರ್ ನಿಜ ಹೇಳುತ್ತಿದೆಯೇ ಎಂದು ಫೆಬ್ರವರಿ 1ರಂದು ಪರೀಕ್ಷಿಸಿದೆ. ಅಣ್ಣನ ಮಗಳು ಪಕ್ಕದಲ್ಲಿ ಕುಳಿತು ಮೊಬೈಲಿನ ಜಿಪಿಎಸ್ ವೇಗವನ್ನು ಕೂಗಿ ಹೇಳುತ್ತಿದ್ದಳು, ನಾನು ಮುಳ್ಳನ್ನು ಒಂದೇ ಕಡೆ ಹಿಡಿದು ಓಡಿಸುತ್ತಿದ್ದೆ. ಮೀಟರ್ 60 ತೋರಿಸಿದಾಗ ಮೊಬೈಲಿನಲ್ಲಿ 57. ಮೀಟರ್ ಸ್ವಲ್ಪ ಹೆಚ್ಚು ತೋರಿಸಿದರೆ ಚಿಂತೆಯಿಲ್ಲ, ಕಡಿಮೆ ತೋರಿಸಬಾರದು. ಅಂಕಿಗಳನ್ನು ರಸ್ತೆಬದಿಯ ಕಿಲೋಮೀಟರ್ ಕಲ್ಲುಗಳ ಜೊತೆ ಹೋಲಿಸಿದೆವು, ಹತ್ತು ಕಲ್ಲಿಗೆ ಹತ್ತು ಅಂಕಿ.

ನವೀಕರಣದ ವಿಷಯ ಬೇಗ ಹೇಳಿಬಿಡುತ್ತೇನೆ. ಅವಧಿ ಮುಗಿಯುವ ಮೊದಲಿನ 60 ದಿನಗಳ ಒಳಗೆ ನಮೂನೆ 25ರಲ್ಲಿ ಅರ್ಜಿ. ಜೊತೆಗೆ ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ, ಗುರುತಿನ ಚೀಟಿ, ಪೆನ್ಸಿಲ್ ಉಜ್ಜಿ ತೆಗೆದ ಚಾಸಿ ನಂಬರಿನ ಅಚ್ಚು. ಕಾರು ತೀರಿಕೊಂಡವರ ಹೆಸರಿನಲ್ಲೇ ಇದ್ದರೆ ಮೊದಲು ನಮೂನೆ 31ರಲ್ಲಿ ವರ್ಗಾಯಿಸಿಕೊಳ್ಳಿ, ಅದಿಲ್ಲದೆ ಮುಂದಕ್ಕೆ ಹೋಗುವುದಿಲ್ಲ. ನಾನು ಅದನ್ನು 2019ರಲ್ಲೇ ಮುಗಿಸಿದ್ದೆ. ನಿರೀಕ್ಷಕರು ದೀಪ, ಬ್ರೇಕು, ಹಾರ್ನ್ ನೋಡಿದರು, ಕಾರನ್ನು ಆವರಣದಲ್ಲಿ ಒಂದು ಸುತ್ತು ಓಡಿಸಿಕೊಂಡು ಬಂದರು. ಮೀಟರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರು ಇಳಿಯುವಾಗ ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ಮುಳ್ಳು ಸೊನ್ನೆಯಲ್ಲಿತ್ತು.

ಆ ಸಂಜೆ ಪೆಟ್ರೋಲ್ ಹಾಕಿಸಿ ಬಂದು ತಂದೆಯ ಪುಸ್ತಕ ತೆರೆದೆ. 62,041, 20 ಲೀಟರ್ ಎಂದು ಬರೆದೆ. ಅದರ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿದೆ: ಇದರಲ್ಲಿ 4 ಕಿಲೋಮೀಟರ್ ಜೆ.ಸಿ. ರಸ್ತೆಯ ಮೇಜಿನ ಮೇಲೆ ಓಡಿದ್ದು.